ವಿದೇಶಿ ಯೂನಿವರ್ಸಿಟಿಯ ಹೊಸ ಕ್ಯಾಂಪಸ್‌ಗೆ ಮಗಳನ್ನು ಸೇರಿಸಬಹುದಾ? ಗೊತ್ತಿದ್ದವರು ಹೇಳಿ

ಬಿಜೈ ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗಳು ಈ ವರ್ಷ ಸೆಕೆಂಡ್ ಪಿಯುಸಿ ಮುಗಿಸಿದ್ದಾಳೆ. ಕಂಪ್ಯೂಟರ್ ಸೈನ್ಸ್ ಓದಬೇಕು ಅಂತ ಆಸೆ. ಬ್ರಿಟನ್ನಿನ ಒಂದು ಯೂನಿವರ್ಸಿಟಿ ಮುಂಬೈ ಕಡೆ ಹೊಸ ಕ್ಯಾಂಪಸ್ ತೆರೆಯುತ್ತಿದೆ, ಅಲ್ಲಿಂದ ಆಫರ್ ಬಂದಿದೆ. ಮೊನ್ನೆ ಹಂಪನಕಟ್ಟೆ ಹತ್ತಿರ ಒಂದು ಹೋಟೆಲಿನಲ್ಲಿ ಅವರ ಮಾಹಿತಿ ಸಭೆ ಇತ್ತು, ನಾವಿಬ್ಬರೂ ಹೋಗಿದ್ದೆವು. ಚಂದದ ದಪ್ಪ ಪುಸ್ತಕ ಕೊಟ್ಟರು. ರಾತ್ರಿ ಊಟ ಆದ ಮೇಲೆ ಕೂತು ಒಂದೊಂದೇ ಪುಟ ನೋಡಿದೆ. ಫೋಟೋಗಳೆಲ್ಲ ಇಂಗ್ಲೆಂಡಿನದ್ದು, ಕೆಂಪು ಇಟ್ಟಿಗೆಯ ಕಟ್ಟಡ, ಹುಲ್ಲುಹಾಸು, ಸ್ವೆಟರ್ ಹಾಕಿದ ಮಕ್ಕಳು. ಮುಂಬೈಯದ್ದು ಅಂತ ಇರುವುದು ಒಂದೇ ಚಿತ್ರ, ಅದೂ ಕಂಪ್ಯೂಟರಿನಲ್ಲಿ ಬಿಡಿಸಿದ್ದು.

ಫೀಸು ಅಲ್ಲಿಗೇ ಹೋಗಿ ಓದುವುದಕ್ಕಿಂತ ಕಡಿಮೆ, ಆದರೆ ನಮ್ಮೂರ ಕಾಲೇಜುಗಳಿಗಿಂತ ತುಂಬಾ ಜಾಸ್ತಿ. ಅವಳ ಅಪ್ಪ 18 ವರ್ಷ ಮಸ್ಕತ್‌ನಲ್ಲಿ ದುಡಿದು ಉಳಿಸಿದ ದುಡ್ಡು ಇದು. ಡಿಗ್ರಿ ಅಲ್ಲಿಯದ್ದೇ ಅಂತ ಸಭೆಯಲ್ಲಿ ನಾಲ್ಕು ಸಲ ಹೇಳಿದರು. ಓದು ಕೂಡ ಅಲ್ಲಿಯದ್ದೇನಾ? ಯಾರನ್ನಾದರೂ ಕೇಳೋಣ ಅಂದರೆ ಇದೇ ಮೊದಲ ಬ್ಯಾಚ್, ಓದಿ ಹೊರಗೆ ಬಂದವರೇ ಇಲ್ಲ. ಎಂತ ನೋಡಿ ನಂಬುವುದು?

ಕಟಪಾಡಿಯವ, ಈಗ ದುಬೈ:
ಅಕ್ಕ, ನಾನು ಇಂಥದ್ದೇ ಒಂದು ಬ್ರಾಂಚ್ ಕ್ಯಾಂಪಸ್‌ನಲ್ಲಿ ಓದಿದವನು, ಎರಡನೇ ಬ್ಯಾಚ್. ನನ್ನ ಅನುಭವ ಹೇಳ್ತೇನೆ. ಮೊದಲ ಸೆಮಿಸ್ಟರ್‌ನಲ್ಲಿ ಒಂದು ಸಬ್ಜೆಕ್ಟಿಗೆ ಮೂಲ ಕ್ಯಾಂಪಸ್‌ನಿಂದ ಪ್ರೊಫೆಸರ್ ಬಂದರು. ತುಂಬಾ ದೊಡ್ಡ ವಿದ್ವಾಂಸರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹತ್ತು ದಿನದಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಪಾಠ ಮಾಡಿ ಇಡೀ ಸಬ್ಜೆಕ್ಟ್ ಮುಗಿಸಿ ವಿಮಾನ ಹತ್ತಿದರು. ಆಮೇಲೆ ಡೌಟ್ ಬಂದರೆ ಇಮೇಲ್ ಮಾಡಬೇಕು, ಉತ್ತರಕ್ಕೆ ನಾಲ್ಕೈದು ದಿನ ಕಾಯಬೇಕು. ಅದೇ ಹೊತ್ತಿಗೆ ಅಲ್ಲೇ ವಾಸ ಇದ್ದ ಒಬ್ಬ ಮೇಡಂ ಇದ್ದರು, ಹೆಸರು ದೊಡ್ಡದೇನಲ್ಲ. ಸಂಜೆ ಏಳೂವರೆಗೂ ಅವರ ರೂಮಿನ ಬಾಗಿಲು ತೆರೆದಿರುತ್ತಿತ್ತು. ನನ್ನ ಕೋಡ್ ಪ್ರಿಂಟ್ ತೆಗೆದು ಕೆಂಪು ಪೆನ್ನಿನಲ್ಲಿ ಸಾಲು ಸಾಲಾಗಿ ತಿದ್ದಿ ಕೊಡುತ್ತಿದ್ದರು. ನಾನು ಇವತ್ತು ಮಾಡುವ ಕೆಲಸ ಕಲಿತದ್ದು ಅವರಿಂದ.

ಹಾಗಾಗಿ ನೀವು ಮೊದಲು ಕೇಳಬೇಕಾದದ್ದು ಫಸ್ಟ್ ಇಯರ್ ಪಾಠ ಮಾಡುವವರ ಹೆಸರು. ಆ ಊರಲ್ಲೇ ಇರ್ತಾರಾ, ಬಂದು ಹೋಗ್ತಾರಾ ಅಂತಲೂ ಕೇಳಿ. ಪ್ರಶ್ನೆಪತ್ರಿಕೆ ಯಾರು ಮಾಡ್ತಾರೆ ಎನ್ನುವುದೂ ಮುಖ್ಯ. ನಮ್ಮಲ್ಲಿ ಎರಡೂ ಕಡೆಗೆ ಒಂದೇ ಪೇಪರ್ ಇತ್ತು, ನಾವು ಬರೆದ ಉತ್ತರಗಳಲ್ಲಿ ಕೆಲವನ್ನು ಅಲ್ಲಿಯವರು ಮತ್ತೆ ನೋಡುತ್ತಿದ್ದರು. ಅದರಿಂದ ಇಲ್ಲಿ ಸುಮ್ನೆ ಮಾರ್ಕ್ಸ್ ಕೊಡುವ ಹಾಗಿರಲಿಲ್ಲ.

ಇನ್ನೊಂದು, ಇದನ್ನು ಸಭೆಗಳಲ್ಲಿ ಅವರಾಗಿ ಹೇಳುವುದಿಲ್ಲ. ಇಂಗ್ಲೆಂಡಿನಲ್ಲೇ ಓದಿದವರಿಗೆ ಕೋರ್ಸ್ ಮುಗಿದ ಮೇಲೆ ಅಲ್ಲೇ ಇದ್ದು ಕೆಲಸ ಹುಡುಕಲು ಗ್ರಾಜುಯೇಟ್ ವೀಸಾ ಸಿಗ್ತದೆ. ಪೂರ್ತಿ ಓದು ಮುಂಬೈಯಲ್ಲಾದರೆ ಅದು ಸಿಗುವುದಿಲ್ಲ. ಮಗಳ ಮನಸ್ಸಲ್ಲಿ ಆ ಲೆಕ್ಕ ಇದ್ದರೆ ಈಗಲೇ ಹೇಳಿಬಿಡಿ.

ನಿವೃತ್ತ ಮೇಷ್ಟ್ರು, ಮಣಿಪಾಲ:
ಮೇಡಂ, ಮೇಲಿನವರು ಹೇಳಿದ್ದು ಸರಿ ಉಂಟು. ರ‍್ಯಾಂಕಿಂಗ್ ವಿಷಯ ಸ್ವಲ್ಪ ಸೇರಿಸ್ತೇನೆ. ಆ ಪುಸ್ತಕದಲ್ಲಿ ಜಗತ್ತಿನಲ್ಲಿ ಇಷ್ಟನೇ ಸ್ಥಾನ ಅಂತ ಖಂಡಿತ ಇರ್ತದೆ. ಅದು ಮೂಲ ಯೂನಿವರ್ಸಿಟಿಗೆ, ಬಹುಪಾಲು ಅಲ್ಲಿನ ಸಂಶೋಧನೆಗೆ ಮತ್ತು ಹಳೇ ಹೆಸರಿಗೆ ಸಿಕ್ಕಿದ್ದು. ಇನ್ನೂ ಬಾಗಿಲು ತೆರೆಯದ ಕ್ಯಾಂಪಸ್‌ನ ಪಾಲು ಅದರಲ್ಲಿ ಸೊನ್ನೆ.

ನಮ್ಮ ದೇಶದ ಯೂನಿವರ್ಸಿಟಿಗಳನ್ನು ನೋಡಿಕೊಳ್ಳುವ ಯುಜಿಸಿ, ವಿದೇಶಿ ಕ್ಯಾಂಪಸ್‌ಗಳಿಗೆಂದೇ 2023ರಲ್ಲಿ ನಿಯಮ ತಂದಿದೆ. ಒಟ್ಟು ರ‍್ಯಾಂಕಿಂಗ್‌ನಲ್ಲಾಗಲಿ ವಿಷಯದ ರ‍್ಯಾಂಕಿಂಗ್‌ನಲ್ಲಾಗಲಿ ಮೊದಲ 500ರ ಒಳಗಿದ್ದವರು ಬರಬಹುದು. ಕೊಡುವ ಡಿಗ್ರಿ ಮೂಲ ದೇಶದ್ದಕ್ಕೆ ಸಮ, ಬೇರೆ ಈಕ್ವಿವಲೆನ್ಸ್ ಸರ್ಟಿಫಿಕೇಟ್ ಬೇಡ. ಆನ್‌ಲೈನ್ ಪಾಠ ಶೇಕಡಾ 10 ಮೀರಬಾರದು. ಹೊರದೇಶದ ಅಧ್ಯಾಪಕರು ಕನಿಷ್ಠ ಒಂದು ಸೆಮಿಸ್ಟರ್ ಇಲ್ಲೇ ಇರಬೇಕು. ಕೇಳದೆ ಮುಚ್ಚುವ ಹಾಗಿಲ್ಲ, ಮುಚ್ಚಿದರೆ ಮಕ್ಕಳಿಗೆ ಬೇರೆ ದಾರಿ ಮಾಡಿಕೊಡಬೇಕು. ನಿಯಮ ಒಳ್ಳೆಯದೇ. ಆದರೆ ಅದು ಗೇಟಿನ ಹತ್ತಿರ ನಿಲ್ಲಿಸಿ ಕೇಳುವಷ್ಟು ಮಾತ್ರ, ಒಳಗೆ ಪಾಠ ಹೇಗಾಗ್ತದೆ ಎನ್ನುವುದನ್ನು ನೀವೇ ನೋಡಬೇಕು.

ಮುಚ್ಚುವ ವಿಷಯ ಯಾಕೆ ಎತ್ತಿದೆ ಅಂದರೆ, ಅದು ದೊಡ್ಡ ದೊಡ್ಡವರಿಗೇ ಆಗಿದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಯೂನಿವರ್ಸಿಟಿ 2007ರಲ್ಲಿ ಸಿಂಗಾಪುರದಲ್ಲಿ ಕ್ಯಾಂಪಸ್ ತೆರೆದು, ಎಣಿಸಿದಷ್ಟು ಮಕ್ಕಳು ಬರಲಿಲ್ಲ ಅಂತ ಅದೇ ವರ್ಷ ನಾಲ್ಕೈದು ತಿಂಗಳಲ್ಲೇ ಮುಚ್ಚಿತು. ಅಮೆರಿಕದ ಜಾರ್ಜ್ ಮೇಸನ್ 2009ರಲ್ಲಿ ಯುಎಇಯ ರಾಸ್ ಅಲ್ ಖೈಮಾದಿಂದ ಹೊರಟಿತು, ಅಲ್ಲಿ ಒಂದು ಬ್ಯಾಚಿಗೂ ಡಿಗ್ರಿ ಸಿಕ್ಕಿರಲಿಲ್ಲ. ಟೆಕ್ಸಾಸ್ ಎ ಆ್ಯಂಡ್ ಎಂ 2024ರಲ್ಲಿ ತನ್ನ ಕತಾರ್ ಕ್ಯಾಂಪಸನ್ನು 2028ರೊಳಗೆ ಮುಚ್ಚುವುದಾಗಿ ತೀರ್ಮಾನಿಸಿತು. ಅದು 20 ವರ್ಷ ನಡೆದದ್ದು. ಹಾಗಂತ ಎಲ್ಲರೂ ಓಡಿಹೋಗುವವರಲ್ಲ. ಬ್ರಿಟನ್ನಿನ ನಾಟಿಂಗ್‌ಹ್ಯಾಮ್ 2000ದಿಂದ ಮಲೇಷ್ಯಾದಲ್ಲಿ ಉಂಟು, ಆಸ್ಟ್ರೇಲಿಯಾದ ವೊಲೊಂಗಾಂಗ್ 1993ರಿಂದ ದುಬೈಯಲ್ಲಿ. ನಮ್ಮ ಮಣಿಪಾಲವೇ 2000ದಲ್ಲಿ ದುಬೈಗೆ ಹೋಯಿತಲ್ಲ, ಅಲ್ಲಿಯ ಅಪ್ಪ ಅಮ್ಮಂದಿರೂ ಆಗ ನಿಮ್ಮ ಹಾಗೇ ಯೋಚನೆ ಮಾಡಿರಬೇಕು.

ನಿಮ್ಮ ಯೂನಿವರ್ಸಿಟಿಗೆ ಬೇರೆ ದೇಶದಲ್ಲಿ ಹಳೇ ಕ್ಯಾಂಪಸ್ ಇದ್ದರೆ ಅಲ್ಲಿ ಓದಿದವರನ್ನು ಹುಡುಕಿ ಮಾತಾಡಿ. ಓದಿನ ಗುಣಮಟ್ಟ ನೋಡುವ ಬ್ರಿಟನ್ನಿನ ಕ್ಯೂಎಎ ಎನ್ನುವ ಸಂಸ್ಥೆ ಅವರ ಯೂನಿವರ್ಸಿಟಿಗಳು ಹೊರದೇಶಗಳಲ್ಲಿ ನಡೆಸುವ ಓದಿನ ಬಗ್ಗೆ ವರದಿ ಪ್ರಕಟಿಸಿದೆ, ಅದನ್ನೂ ಓದಿ ನೋಡಿ.

ಕಾರ್ಕಳ ಎಚ್‌ಆರ್:
ನಾನು ಸಾಫ್ಟ್‌ವೇರ್ ಕಂಪನಿಗೆ ಜನ ತೆಗೆದುಕೊಳ್ಳುವ ಕೆಲಸದಲ್ಲಿದ್ದೇನೆ. ಅವರು ಪ್ಲೇಸ್‌ಮೆಂಟ್ ಶೇಕಡಾ ಇಷ್ಟು ಅಂತ ಹೇಳಿದರೆ, ಯಾವ ಕ್ಯಾಂಪಸ್‌ನದ್ದು ಅಂತ ಕೇಳಿ. ಮೊದಲ ಬ್ಯಾಚೇ ಹೊರಗೆ ಬಾರದೆ ಲೆಕ್ಕ ಎಲ್ಲಿಂದ ಬಂತು? ಆದರೆ ಹೊಸದು ಅಂತ ಹೆದರಿ ಬಿಡಬೇಡಿ ಮಾರಾಯ್ರೆ. ಮೊದಲ ಬ್ಯಾಚಿನಲ್ಲಿ ಮಕ್ಕಳು ಕಡಿಮೆ, ಅಧ್ಯಾಪಕರು ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕರೆಯುವಷ್ಟು. ಹೆಸರು ಗಟ್ಟಿ ಮಾಡಿಕೊಳ್ಳಬೇಕು ಅಂತ ಅವರೂ ಕಷ್ಟಪಡ್ತಾರೆ. ನನ್ನ ಅಕ್ಕನ ಮಗ ಒಂದು ಹೊಸ ಕಾಲೇಜಿನ ಮೊದಲ ಬ್ಯಾಚ್, ಅವನಿಗೆ ಸಿಕ್ಕಿದ ಗಮನ ದೊಡ್ಡ ಕಾಲೇಜಿನಲ್ಲಿ ಸಿಗುತ್ತಿರಲಿಲ್ಲ.

ಬಿಜೈ ಅಮ್ಮ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನೀವು ಹೇಳಿದ ಹಾಗೆ ಕೇಳಬೇಕಾದದ್ದನ್ನೆಲ್ಲ ಬರೆದು ಇಮೇಲ್ ಕಳಿಸಿದೆ. ಇವತ್ತು ಉತ್ತರ ಬಂತು. ಫಸ್ಟ್ ಇಯರ್‌ಗೆ ಏಳು ಜನ ಅಧ್ಯಾಪಕರು, ನಾಲ್ವರ ಹೆಸರು ಕೊಟ್ಟಿದ್ದಾರೆ, ಮೂವರನ್ನು ಇನ್ನೂ ಹುಡುಕುತ್ತಿದ್ದಾರಂತೆ. ಪ್ರಶ್ನೆಪತ್ರಿಕೆ ಎರಡೂ ಕಡೆ ಒಂದೇ ಅಂತ ಸ್ಪಷ್ಟವಾಗಿ ಬರೆದಿದ್ದಾರೆ, ಅದು ಸಮಾಧಾನ ಆಯಿತು. ಮುಚ್ಚಿದರೆ ಮಕ್ಕಳಿಗೆ ಏನು ಎನ್ನುವುದಕ್ಕೆ ಮಾತ್ರ "ಚಿಂತೆ ಬೇಡ" ಅಂತ ಒಂದೇ ಸಾಲು. ಅದನ್ನು ಸರಿಯಾಗಿ ಬರೆದುಕೊಡಿ ಅಂತ ಮತ್ತೆ ಕೇಳಿದ್ದೇನೆ. ವೀಸಾ ವಿಷಯ ಮಗಳಿಗೆ ಹೇಳಿದೆ, ಅವಳಿಗೆ ಗೊತ್ತೇ ಇರಲಿಲ್ಲ, ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಸಿಇಟಿ ಕೌನ್ಸೆಲಿಂಗ್ ಬಿಡುವುದಿಲ್ಲ ಅಂತ ತೀರ್ಮಾನ ಮಾಡಿದ್ದೇವೆ. ಅಡ್ವಾನ್ಸ್ ಇನ್ನೂ ಕಟ್ಟಿಲ್ಲ. ಶುಕ್ರವಾರ ಮುಂಬೈಗೆ ಹೋಗುವ ಮತ್ಸ್ಯಗಂಧ ರೈಲಿಗೆ ಇಬ್ಬರಿಗೂ ಟಿಕೆಟ್ ಆಗಿದೆ, ಆ ನಾಲ್ವರಲ್ಲಿ ಒಬ್ಬರಾದರೂ ಸಿಗ್ತಾರಾ ನೋಡಿಕೊಂಡು ಬರ್ತೇವೆ. ಕಟಪಾಡಿ ತಮ್ಮ, ಲ್ಯಾಬಿಗೆ ಹೋದಾಗ ಎಂತ ನೋಡಬೇಕು ಅಂತ ಅಷ್ಟರೊಳಗೆ ಸ್ವಲ್ಪ ಬರೆಯಿರಿ.