ಮನೆ ಹಿಂದಿನ ಧರೆ ಈ ಮಳೆಗೆ ನಿಲ್ಲುತ್ತಾ? – ಪ್ರಶ್ನೋತ್ತರ

(ಗುಂಪಿನ ಸದಸ್ಯರ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿರುವವರು ಗುಡ್ಡದ ರಸ್ತೆ ಮತ್ತು ತಡೆಗೋಡೆ ಕೆಲಸ ಮಾಡುವ ಸಿವಿಲ್ ಎಂಜಿನಿಯರ್. ಊರು ಹೊಸನಗರ ತಾಲ್ಲೂಕು.)

ಪ್ರಶ್ನೆ – ತೀರ್ಥಹಳ್ಳಿ ತಾಲ್ಲೂಕಿನ ಸದಸ್ಯೆ

ಸರ್, ನಮಸ್ಕಾರ. ನಮ್ಮದು ಆಗುಂಬೆ ಕಡೆಯ ಹಳ್ಳಿ. ಮೂರು ವರ್ಷದ ಹಿಂದೆ ಹಿತ್ತಲಲ್ಲಿ ಅಡಿಕೆ ಬೇಯಿಸುವ ಶೆಡ್ ಹಾಕೋಣ ಅಂತ ಜೆಸಿಬಿ ತರಿಸಿ ಗುಡ್ಡ ಕಡಿಸಿದೆವು. ಈಗ ಹಿತ್ತಲಲ್ಲಿ ಹದಿನೈದು ಅಡಿಯ ನೆಟ್ಟಗಿನ ಧರೆ, ಅಂದರೆ ಕಡಿದ ಮಣ್ಣಿನ ಗೋಡೆ, ಇದೆ. ಮನೆ ಗೋಡೆಗೂ ಅದಕ್ಕೂ ಆರೇ ಅಡಿ. ಹೋದ ವರ್ಷ ಪುಷ್ಯ ಮಳೆಯಲ್ಲಿ (ಜುಲೈ ಕೊನೆ) ಒಂದೆರಡು ಬುಟ್ಟಿ ಮಣ್ಣು ಜಾರಿತು. ಅತ್ತೆ ಮಲಗುವ ಕೋಣೆ ಆ ಕಡೆಗೇ ಇದೆ. ಮಳೆ ಜೋರಾದರೆ ನನಗೆ ನಿದ್ದೆ ಬರುವುದಿಲ್ಲ. ತಡೆಗೋಡೆ ಕಟ್ಟಿಸುವಷ್ಟು ದುಡ್ಡು ಈ ವರ್ಷ ಇಲ್ಲ. ಏನು ಮಾಡಬಹುದು?

ಉತ್ತರ

ಅಕ್ಕಾ, ನಮಸ್ಕಾರ. ಮೊದಲು ಇವತ್ತೇ ಮಾಡಬೇಕಾದ್ದು: ಅತ್ತೆಯವರ ಮಂಚ ಜಗಲಿ ಪಕ್ಕದ ಕೋಣೆಗೆ ಬರಲಿ. ಮಳೆಗಾಲ ಮುಗಿಯುವವರೆಗೆ ಹಿಂದಿನ ಕೋಣೆಯಲ್ಲಿ ಯಾರೂ ಮಲಗುವುದು ಬೇಡ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಧರೆ ಎಷ್ಟು ಎತ್ತರವೋ ಕನಿಷ್ಠ ಅಷ್ಟಾದರೂ ದೂರದಲ್ಲಿ ಮಲಗಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ನಿಮ್ಮಲ್ಲಿ ಹದಿನೈದಕ್ಕೆ ಆರೇ ಅಡಿ ಇದೆ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಮೇಲೆ ಗುಡ್ಡ ಬಂದಿದ್ದು ಬೆಳಗಿನ ಜಾವಕ್ಕೂ ಮೊದಲು, ಊರು ಮಲಗಿದ್ದಾಗ. ನಿಮ್ಮ ಧರೆ ಅಷ್ಟು ದೊಡ್ಡದಲ್ಲ. ಆದರೆ ಒಂದು ಕೋಣೆ ಮುಚ್ಚಲು ಹದಿನೈದು ಅಡಿ ಮಣ್ಣು ಸಾಕು.

ಇನ್ನು ಧರೆ ಯಾಕೆ ಜಾರುತ್ತದೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅದು ಗೊತ್ತಾದರೆ ಏನು ಮಾಡಬೇಕು ಅಂತ ನಿಮಗೇ ಹೊಳೆಯುತ್ತದೆ. ನಮ್ಮ ಕಡೆ ಬಹಳ ಜಾಗದಲ್ಲಿ ಮೇಲೆ ಗಟ್ಟಿ ಜಂಬಿಟ್ಟಿಗೆ ಇರುತ್ತದೆ, ಅದರ ಕೆಳಗೆ ಶೇಡಿ ಮಣ್ಣು, ಅಂದರೆ ನುಣುಪಾದ ಜೇಡಿಯಂಥ ಮಣ್ಣು. ಬೇಸಿಗೆಯಲ್ಲಿ ಶೇಡಿಗೆ ಗುದ್ದಲಿ ಹಾಕಿದರೂ ಸುಲಭಕ್ಕೆ ಇಳಿಯುವುದಿಲ್ಲ. ನೀರು ಕುಡಿದರೆ ಬೆಣ್ಣೆ ಥರ ಆಗುತ್ತದೆ. ಜೆಸಿಬಿ ಕಡಿದಾಗ ಈ ಶೇಡಿ ಬಯಲಾಗುತ್ತದೆ. ಮೇಲಿನ ಭಾರ ಹಾಗೇ ಇದೆ, ಕೆಳಗಿನ ಆಸರೆ ಹೋಯಿತು. ಮೂರು ವರ್ಷ ನಿಂತಿದೆ, ಹಾಗಾಗಿ ಮುಂದೆಯೂ ನಿಲ್ಲುತ್ತದೆ ಅಂದುಕೊಳ್ಳಬೇಡಿ.

ನೀರಿನ ಲೆಕ್ಕ ನೋಡಿ. ಒಂದು ಗುಂಟೆ ಜಾಗದ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 10,000 ಲೀಟರ್, ಅಂದರೆ 10 ಟನ್ ತೂಕ. ನಿಮ್ಮ ಕಡೆ ಅದು ಒಂದು ದಿನದ ಮಳೆ. ಆ ನೀರು ಧರೆಯೊಳಗೆ ಇಳಿಯದ ಹಾಗೆ ನೋಡಿಕೊಳ್ಳುವುದೇ ನಿಮ್ಮ ಕೈಯಲ್ಲಿರುವ ಕೆಲಸ.

ಹಾಗಾಗಿ ಮಣ್ಣು ಒಣಗಿರುವಾಗಲೇ ಧರೆಯ ಮೇಲೆ ಹತ್ತಿ ನೋಡಿ. ಅಂಚಿನಲ್ಲಿ ಬಿಲ್ಲಿನ ಹಾಗೆ ಬಾಗಿದ ಬಿರುಕು ಇದೆಯಾ? ಹಳೆಯ ಅಗಳು (ಕಂದಕ) ಇದೆಯಾ? ಯಾರಾದರೂ ಇಂಗುಗುಂಡಿ ತೋಡಿದ್ದಾರಾ? ಇಂಗುಗುಂಡಿ ಒಳ್ಳೆಯದೇ, ಆದರೆ ಧರೆಯ ನೆತ್ತಿಯ ಮೇಲಲ್ಲ. ಅಲ್ಲಿ ನೀರು ಇಂಗಿಸಿದರೆ ಅದು ನೇರವಾಗಿ ಶೇಡಿಗೆ ಹೋಗುತ್ತದೆ. ಒಳ್ಳೆಯ ಮನಸ್ಸಿನಿಂದ ಮಾಡಿದ ಈ ತಪ್ಪನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಅಂಚಿನಿಂದ ಹತ್ತು ಹದಿನೈದು ಅಡಿ ಹಿಂದೆ, ಗುಡ್ಡದಿಂದ ಬರುವ ನೀರನ್ನು ಪಕ್ಕಕ್ಕೆ ತಿರುಗಿಸುವ ಕಾಲುವೆ ತೆಗೆಸಿ. ಅದರಲ್ಲಿ ನೀರು ನಿಲ್ಲಬಾರದು, ಓಡಬೇಕು. ಬಿರುಕು ಇದ್ದರೆ ಮಣ್ಣು ತುಂಬಿ ಗುದ್ದಿ, ಮೇಲೆ ಟಾರ್ಪಾಲು ಹೊದಿಸಿ. ಅಂಚಿನಲ್ಲಿ ವಾಲಿದ ದೊಡ್ಡ ಮರವಿದ್ದರೆ ಅನುಮತಿ ಪಡೆದು ಕಡಿಸಿ, ಬುಡ ಮತ್ತು ಬೇರು ಹಾಗೇ ಇರಲಿ. ಲಾವಂಚ ನೆಡಿ. ಈ ವರ್ಷ ಅದು ಏನೂ ಹಿಡಿಯುವುದಿಲ್ಲ, ಎರಡು ಮೂರು ವರ್ಷದ ಮೇಲೆ ಹಿಡಿಯುತ್ತದೆ.

ಧರೆಯ ಬುಡ ಮಾತ್ರ ಕೆರೆಯಬೇಡಿ. ಜಾರಿದ ಮಣ್ಣನ್ನು ಮಳೆಗಾಲದಲ್ಲಿ ಪೂರ್ತಿ ಎತ್ತಿ ಸಾಫು ಮಾಡುವುದೂ ಬೇಡ. ಆ ಮಣ್ಣೇ ಬುಡಕ್ಕೆ ಒತ್ತು ಕೊಟ್ಟಿರುತ್ತದೆ. ನೀರು ಹೋಗಲು ದಾರಿ ಮಾಡಿದರೆ ಸಾಕು. ಹೆಂಚಿನಿಂದ ಬೀಳುವ ನೀರಿಗೆ ಸೂರಿನಡಿ ದೋಣಿ (ನೀರು ಹಿಡಿಯುವ ಉದ್ದನೆಯ ತೊಟ್ಟಿ) ಹಾಕಿ ದೂರ ಬಿಡಿ.

ಮುಂದೆ ಗೋಡೆ ಕಟ್ಟಿಸುವಾಗ ಒಂದು ಮಾತು ನೆನಪಿರಲಿ. ನೀರು ಹೊರಗೆ ಬರಲು ತೂತು ಬಿಡದೆ, ಹಿಂದೆ ಜಲ್ಲಿ ತುಂಬದೆ ಕಟ್ಟಿದ ಗೋಡೆ ಧರೆಗಿಂತ ಅಪಾಯ. ಒಳಗೆ ನೀರು ಕಟ್ಟಿಕೊಂಡು ಗೋಡೆಯ ಸಮೇತ ಬರುತ್ತದೆ.

ಅದೇ ಸದಸ್ಯೆ

ಮಂಚ ಈಗಲೇ ಬದಲಾಯಿಸುತ್ತೇವೆ ಸರ್. ಆದರೆ ಮನೆ ಬಿಟ್ಟೇ ಹೋಗಬೇಕು ಅಂತ ಯಾವಾಗ ತಿಳಿಯುವುದು?

ಉತ್ತರ

ಅದನ್ನು ಮಳೆ ಬರುವ ಮೊದಲೇ ಮನೆಯವರೆಲ್ಲ ಕೂತು ಮಾತಾಡಿಕೊಳ್ಳಿ. ರಾತ್ರಿ ಎರಡು ಗಂಟೆಗೆ ಚರ್ಚೆ ಮಾಡಲು ಆಗುವುದಿಲ್ಲ. ಇವುಗಳಲ್ಲಿ ಒಂದು ಕಂಡರೂ ಹೊರಡಿ: ಹೊಸ ಜಾಗದಲ್ಲಿ ಜಲ ಎದ್ದರೆ (ನೆಲದಿಂದ ನೀರು ಉಕ್ಕಿದರೆ), ತಿಳಿಯಾಗಿ ಬರುತ್ತಿದ್ದ ಒರತೆ ಕೆಂಪಾದರೆ, ಮೇಲಿನ ಬಿರುಕು ಅಗಲವಾದರೆ, ಅಡಿಕೆ ಮರ ಅಥವಾ ಕಂಬ ವಾಲಿದರೆ, ಹಿಂಬಾಗಿಲು ಇದ್ದಕ್ಕಿದ್ದ ಹಾಗೆ ಬಿಗಿಯಾದರೆ. ಇನ್ನೊಂದು, ಮಳೆ ಸುರಿಯುತ್ತಲೇ ಇದ್ದು ಹಳ್ಳದ ನೀರು ಒಮ್ಮೆಗೇ ಇಳಿದರೆ ಖುಷಿ ಪಡಬೇಡಿ. ಮೇಲೆ ಎಲ್ಲೋ ಮಣ್ಣು ಬಿದ್ದು ನೀರು ಕಟ್ಟಿರಬಹುದು. ಹಳ್ಳದ ದಂಡೆಯಿಂದ ಎತ್ತರಕ್ಕೆ ಹೋಗಿ.

ನಮ್ಮ ಮನೆಯ ಕೊಟ್ಟಿಗೆ ಹಿಂದಿನ ಧರೆ ನಾನು ಓದುತ್ತಿದ್ದಾಗ ಕುಸಿಯಿತು. ಹಿಂದಿನ ದಿನ ಅಮ್ಮ ಹಾಲು ಕರೆಯಲು ಹೋದವರು, ಒರತೆ ನೀರು ಕೆಂಪಾಗಿದೆ ಅಂತ ಹೇಳಿ ಹಸುಗಳನ್ನು ಅಂಗಳದ ಚಪ್ಪರಕ್ಕೆ ತಂದು ಕಟ್ಟಿಸಿದರು. ಅಪ್ಪ ಬೈದರು. ಬೆಳಿಗ್ಗೆ ಕೊಟ್ಟಿಗೆಯ ಅರ್ಧ ಇರಲಿಲ್ಲ. ಈ ಕೆಲಸಕ್ಕೆ ನಾನು ಬರಲು ಆ ಬೆಳಿಗ್ಗೆಯೇ ಕಾರಣ.

ಪ್ರಶ್ನೆ – ಹೊಸನಗರದ ಹಿರಿಯರು

ತಮ್ಮಾ, ಟಿವಿಯಲ್ಲಿ ಆರೆಂಜ್ ಅಲರ್ಟ್, ರೆಡ್ ಅಲರ್ಟ್ ಅಂತಾರೆ. ನಾವು ಮಳೆ ಅಳೆಯೋದು ಇಂಚಿನಲ್ಲಿ. ಲೆಕ್ಕ ಹೇಗೆ?

ಉತ್ತರ

ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 64.5 ಮಿ.ಮೀ. ದಾಟಿದರೆ ಭಾರಿ ಮಳೆ. ಅದು ಸುಮಾರು ಎರಡೂವರೆ ಇಂಚು. 115.6ರಿಂದ ಅತಿ ಭಾರಿ, ಅಂದರೆ ನಾಲ್ಕೂವರೆ ಇಂಚು. 204.5ರಿಂದ ಅತ್ಯಂತ ಭಾರಿ, ಎಂಟು ಇಂಚು. ಹಳದಿ, ಆರೆಂಜ್, ರೆಡ್ ಸಾಮಾನ್ಯವಾಗಿ ಇದೇ ಕ್ರಮದಲ್ಲಿ ಬರುತ್ತವೆ. ಆದರೆ ಮಾವಾ, ನಮ್ಮ ಹುಲಿಕಲ್ ಕಡೆಗೆ ಎಂಟು ಇಂಚು ಹೊಸದಲ್ಲ. ಒಂದು ದಿನದ ಅಂಕಿಗಿಂತ ನಾಲ್ಕೈದು ದಿನ ಬಿಡದೆ ಎಷ್ಟು ಬಿತ್ತು ಅನ್ನುವುದನ್ನು ನೋಡಿ. ಪುನರ್ವಸು ಮಳೆ ಪೂರ್ತಿ ಹೊಯ್ದು ನೆಲ ನೆನೆದಿದ್ದರೆ, ಅದರ ನಂತರದ ಪುಷ್ಯ ಮಳೆಯ ನಾಲ್ಕು ಇಂಚೇ ಧರೆ ಇಳಿಸಬಹುದು. ನೀವು ದಿನಾ ಅಳೆದು ಬರೆದಿಡುವ ಪುಸ್ತಕ ಇದೆಯಲ್ವಾ, ಅದನ್ನು ಊರಿನ ಗುಂಪಿಗೂ ಹಾಕಿ. ನಿಮ್ಮ ಗುಡ್ಡಕ್ಕೆ ಅದಕ್ಕಿಂತ ಹತ್ತಿರದ ಲೆಕ್ಕ ಸಿಗುವುದು ಕಷ್ಟ.

ಪ್ರಶ್ನೆ – ಶಿವಮೊಗ್ಗ ನಗರದ ಸದಸ್ಯ

ನಾವು ಕುಂಬಾರಗುಂಡಿ ಹತ್ತಿರ ಇದ್ದೇವೆ. ಗುಡ್ಡ ಇಲ್ಲ, ತುಂಗಾ ಹೊಳೆ ಇದೆ. ಹೊಳೆಯ ಕೋರ್ಪಲಯ್ಯನ ಛತ್ರದ ಮಂಟಪ ಮುಳುಗಿದ ಮೇಲೆ ಸಾಮಾನು ಎತ್ತಿದರೆ ಸಾಕಲ್ವಾ?

ಉತ್ತರ

ಮಂಟಪ ಒಳ್ಳೆಯ ಗುರುತು. ಆದರೆ ನೀವು ಇನ್ನೂ ಮೇಲೆ, ಹೊಳೆ ಬರುವ ಕಡೆಗೆ ನೋಡಬೇಕು. ಗಾಜನೂರಿನ ತುಂಗಾ ಜಲಾಶಯ ಹಿಡಿಯುವುದು 3.24 ಟಿಎಂಸಿ ಮಾತ್ರ. ಶರಾವತಿಯ ಲಿಂಗನಮಕ್ಕಿ ಜಲಾಶಯ ಹಿಡಿಯುವುದು 150 ಟಿಎಂಸಿಗೂ ಜಾಸ್ತಿ. ಗಾಜನೂರು ಮಳೆಗಾಲದ ಶುರುವಿನಲ್ಲೇ ತುಂಬುತ್ತದೆ. ಆಮೇಲೆ ಬಂದಷ್ಟನ್ನೂ ಬಿಡಲೇಬೇಕು. ಶೃಂಗೇರಿ, ತೀರ್ಥಹಳ್ಳಿಯಲ್ಲಿ ರಾತ್ರಿಯಿಡೀ ಹೊಯ್ದರೆ, ತೀರ್ಥಹಳ್ಳಿಯ ರಾಮಮಂಟಪ ಮುಳುಗಿತು ಅಂತ ಸುದ್ದಿ ಬಂದರೆ, ಆಗಲೇ ಗ್ಯಾಸ್ ಸಿಲಿಂಡರ್, ಅಕ್ಕಿ, ಹಾಸಿಗೆ ಮೇಲಕ್ಕೆ ಹೋಗಲಿ. 2019ರ ಆಗಸ್ಟ್‌ನಲ್ಲಿ ನಿಮ್ಮ ಕಡೆ ನೀರು ನುಗ್ಗಿದ್ದು ನೆನಪಿರಬೇಕು. ನೀರು ಒಳಗೆ ಬರುವ ಮೊದಲೇ ಮೇನ್ ಸ್ವಿಚ್ ಆಫ್ ಮಾಡಿ. ನೀರು ಇಳಿದ ಮೇಲೆ ಬಾವಿ ನೀರಿಗೆ ಕ್ಲೋರಿನ್ ಹಾಕಿ, ಕುದಿಸಿಯೇ ಕುಡಿಯಿರಿ. ಬರಿಗಾಲಲ್ಲಿ ಕೆಸರು ತೆಗೆಯಬೇಡಿ, ಇಲಿ ಜ್ವರ ಬರುವುದು ಹಾಗೇ.

ಪ್ರಶ್ನೆ – ಸಾಗರ ಕಡೆಯ ಸದಸ್ಯ

ಅಮ್ಮ ಹಸು ಬಿಟ್ಟು ಬರುವುದಿಲ್ಲ ಅಂತಾರೆ. ಕರೆಂಟ್ ಹೋದರೆ ಟವರ್ ಕೂಡ ಸತ್ತುಹೋಗುತ್ತದೆ, ಯಾರಿಗೂ ಫೋನ್ ಹೋಗುವುದಿಲ್ಲ.

ಉತ್ತರ

ಅಮ್ಮ ಬರಬೇಕಾದರೆ ಮೊದಲು ಹಸುವಿಗೆ ಜಾಗ ನೋಡಿ. ಎತ್ತರದಲ್ಲಿರುವ ಯಾರ ಕೊಟ್ಟಿಗೆ ಅಂತ ಈಗಲೇ ಕೇಳಿಡಿ, ಒಂದು ಹೊರೆ ಹುಲ್ಲು ಮೊದಲೇ ಅಲ್ಲಿಗೆ ಸಾಗಿಸಿ. ಸಮಯವೇ ಇಲ್ಲದಿದ್ದರೆ ಹಗ್ಗ ಬಿಚ್ಚಿಬಿಡಿ. ಕಟ್ಟಿದ ಹಸು ಸಾಯುತ್ತದೆ, ಬಿಟ್ಟ ಹಸು ದಾರಿ ಹುಡುಕುತ್ತದೆ.

ಫೋನ್ ಬದಲು ಸೀಟಿ ಇಟ್ಟುಕೊಳ್ಳಿ. ಮೂರು ಸಲ ಊದಿದರೆ ಬನ್ನಿ ಅಂತ ಪಕ್ಕದ ಮನೆಯವರ ಜೊತೆ ಮಾತಾಗಿರಲಿ. ಸಿಗ್ನಲ್ ಇದ್ದಾಗ 112, ಜಿಲ್ಲೆಯ ಕಂಟ್ರೋಲ್ ರೂಮಿಗೆ 1077, ತಂತಿ ಹರಿದರೆ ಮೆಸ್ಕಾಂಗೆ 1912. ಈ ನಂಬರುಗಳನ್ನು ಗೋಡೆ ಮೇಲೆ ಬರೆದಿಡಿ. ಮುಚ್ಚಳ ಬಿಗಿಯಾದ ಒಂದು ಡಬ್ಬದಲ್ಲಿ ಪಹಣಿ, ಆಧಾರ್, ಪಾಸ್‌ಬುಕ್, ಒಂದು ವಾರದ ಬಿಪಿ ಶುಗರ್ ಮಾತ್ರೆ, ಟಾರ್ಚ್, ಸ್ವಲ್ಪ ನಗದು, ಅವಲಕ್ಕಿ ಬೆಲ್ಲ ಇರಲಿ. ಅದು ಬಾಗಿಲ ಹತ್ತಿರವೇ ಇರಬೇಕು.

ತೋಟದವರಿಗೆ ಒಂದು ಮಾತು. ಅಡಿಕೆಗೆ ಔಷಧಿ ಹೊಡೆಯುವ ಕಾರ್ಬನ್ ಫೈಬರ್ ದೋಟಿಯಲ್ಲೂ (ಉದ್ದ ಕೋಲು) ಕರೆಂಟ್ ಹರಿಯುತ್ತದೆ. ಅಲ್ಯೂಮಿನಿಯಂ ಅಲ್ಲ, ಏನಾಗಲ್ಲ ಅಂತ ನಂಬಬೇಡಿ. ಕರೆಂಟ್ ತಂತಿ ಹತ್ತಿರದ ಮರ ಬಿಟ್ಟುಬಿಡಿ.

ಮೊದಲ ಸದಸ್ಯೆ

ಸರ್, ಇವತ್ತು ಮೇಲೆ ಹತ್ತಿ ನೋಡಿದೆ. ಬಿರುಕಿಲ್ಲ. ಆದರೆ ಅಂಚಿನಿಂದ ಏಳು ಹೆಜ್ಜೆಗೆ ಎರಡು ಇಂಗುಗುಂಡಿ ಇವೆ. ನಮ್ಮವರೇ ತೋಡಿಸಿದ್ದು. ಒಂದರಲ್ಲಿ ರೋಹಿಣಿ ಮಳೆ ನೀರು ನಿಂತಿದೆ.

ಉತ್ತರ

ನೀರನ್ನು ಬಕೆಟ್‌ನಲ್ಲಿ ಎತ್ತಿ ಪಕ್ಕಕ್ಕೆ, ದೂರ ಚೆಲ್ಲಿ. ಎರಡೂ ಗುಂಡಿಗೆ ಜಿಗುಟು ಮಣ್ಣು ಹಾಕಿ. ಅರ್ಧ ಅರ್ಧ ಅಡಿ ಹಾಕಿದ ಹಾಗೆಲ್ಲ ಗುದ್ದಿ ಮುಚ್ಚಿ. ನಡುವೆ ಬೋರಲು ಹಾಕಿದ ಬಾಣಲೆಯ ಹಾಗೆ ಉಬ್ಬಿರಲಿ, ಗುಳಿ ಬೀಳಬಾರದು. ಆರಿದ್ರಾ ಮಳೆ ಹಿಡಿಯಲು ಇನ್ನೂ ಮೂರು ವಾರ ಇದೆ. ಮುಚ್ಚಿದ ಮೇಲೆ ಒಂದು ಫೋಟೋ ಹಾಕಿ ಅಕ್ಕಾ, ಕಾಲುವೆ ಯಾವ ಕಡೆ ತಿರುಗಿಸಬೇಕು ಅಂತ ನೋಡಿ ಹೇಳುತ್ತೇನೆ.