ರಿಟೈರ್ ಆದ ಮೇಲೆ ಎಲ್ಲಿರೋಣ: ಡೊಂಬಿವಲಿಯೋ, ಊರೋ, ಪುಣೆಯೋ, ಗೋವಾವೋ?

ಸುಮತಿ, ಡೊಂಬಿವಲಿ
ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರು ಬರುವ ಮಾರ್ಚ್‌ಗೆ ಬ್ಯಾಂಕಿನಿಂದ ರಿಟೈರ್ ಆಗುತ್ತಾರೆ. ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ಒಂದು ಬೆಡ್‌ರೂಮಿನ ಸ್ವಂತ ಮನೆ ಇದೆ. ಕುಂದಾಪುರದ ಹತ್ತಿರ ಅವರ ಪಾಲಿಗೆ ಬಂದ ಹಳೇ ಮನೆ, ಸ್ವಲ್ಪ ತೋಟ ಇದೆ. ಆ ಮನೆಗೆ ಬೀಗ ಬಿದ್ದು ವರ್ಷಗಳಾದವು. ಅವರಿಗೆ ಅಲ್ಲಿಗೇ ಹೋಗುವ ಆಸೆ. ಮಗ ಪುಣೆಯ ಹಿಂಜವಡಿಯಲ್ಲಿದ್ದಾನೆ, ನಮ್ಮ ಜೊತೆಗೇ ಬನ್ನಿ ಅನ್ನುತ್ತಾನೆ. ನಾದಿನಿ ಮಡಗಾಂವ್‌ನಲ್ಲಿದ್ದಾಳೆ, ಗೋವಾದ ನೆಮ್ಮದಿ ಬೇರೆಲ್ಲೂ ಸಿಗಲ್ಲ ಅನ್ನುತ್ತಾಳೆ. ಕೆಲಸ, ಮಕ್ಕಳ ಶಾಲೆ, ಯಾವುದರ ಹಂಗೂ ಇಲ್ಲ ಅಂದುಕೊಳ್ಳಿ. ಇಡೀ ದೇಶದಲ್ಲಿ ನೀವಾದರೆ ಎಲ್ಲಿರಲು ಇಷ್ಟಪಡುತ್ತೀರಿ? ಯಾಕೆ?

ಘಾಟ್ಕೋಪರ್ ಶೆಟ್ರು
ಇದರಲ್ಲಿ ಕೇಳಲಿಕ್ಕೆ ಏನುಂಟು ಅಕ್ಕ? ಊರಿಗೆ ಹೋಗಿ. ನಾನು ಹುಡುಗನಾಗಿದ್ದಾಗ ಮುಂಬೈಗೆ ಬಂದು ಫೋರ್ಟ್‌ನ ಹೋಟೆಲಿನಲ್ಲಿ ಟೇಬಲ್ ಒರೆಸಿದವ. ಹಗಲು ಕೆಲಸ, ಸಂಜೆ ಕನ್ನಡದ ರಾತ್ರಿ ಶಾಲೆ. ಆಗ ಊರಿಗೆ ಹೋಗುವುದೆಂದರೆ ಘಾಟಿ ರಸ್ತೆಯಲ್ಲಿ ಬಸ್ಸಿನ ಪ್ರಯಾಣ. ಅಪ್ಪ ತೀರಿಕೊಂಡಾಗ ಮುಖ ನೋಡಲಿಕ್ಕೆ ಆಗಲಿಲ್ಲ. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡಲು ಶುರುವಾಯಿತು, ಮತ್ಸ್ಯಗಂಧ ಎಕ್ಸ್‌ಪ್ರೆಸ್ ಬಂತು. ಈಗ ಮಧ್ಯಾಹ್ನ ಕುರ್ಲಾದಲ್ಲಿ ಹತ್ತಿದರೆ ಮರುದಿನ ಬೆಳಿಗ್ಗೆ ಕುಂದಾಪುರ. ಬಾವಿ ನೀರು, ಹಿತ್ತಿಲ ತೆಂಗಿನಕಾಯಿ, ಸಂಜೆ ತಾಜಾ ಮೀನು. ಡೊಂಬಿವಲಿ ಲೋಕಲ್‌ನಲ್ಲಿ ಮೂವರ ಸೀಟಿನ ತುದಿಗೆ ನಾಲ್ಕನೆಯವರಾಗಿ, ಫೋರ್ತ್ ಸೀಟಿಗೆ ಒಂದು ಕಾಲೂರಿ ಕೂತು ಬದುಕಿದ್ದು ಸಾಕಲ್ವಾ? ಇನ್ನೊಂದು ಮಾತು. ನಾವು ಯಾರೂ ಹೋಗದಿದ್ದರೆ ಊರಿನಲ್ಲಿ ಉಳಿಯುವುದು ಯಾರು? ನಮ್ಮ ವಾಡೆಯಲ್ಲಿ ಬೀಗ ಹಾಕಿದ ಮನೆಗಳೇ ಜಾಸ್ತಿ. ಎಲ್ಲವೂ ಮುಂಬೈ ದುಡ್ಡಿನಲ್ಲಿ ಕಟ್ಟಿದ್ದು.

ಮಂಜುನಾಥ, ಕೋಥ್ರೂಡ್
ಶೆಟ್ಟರ ಭಾವನೆ ಅರ್ಥ ಆಗುತ್ತದೆ, ಆದರೆ ನನ್ನ ಓಟು ಪುಣೆಗೆ. ನಾನು ಧಾರವಾಡದವನು. ಇಲ್ಲಿಗೆ ಬಂದಾಗ ಊರು ಬಿಟ್ಟು ಬಂದೆ ಅಂತ ಅನ್ನಿಸಲೇ ಇಲ್ಲ. ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಎತ್ತರ. ಮಳೆ ಮೋಡ ಸಹ್ಯಾದ್ರಿಯ ಆಚೆಗೇ ಸುರಿದು, ಉಳಿದದ್ದು ಇಲ್ಲಿಗೆ ಬರುತ್ತದೆ. ಮುಂಬೈಗೆ ಬೀಳುವ ಮಳೆಯ ಮೂರನೇ ಒಂದು ಪಾಲು ಅಂದುಕೊಳ್ಳಿ. ಏಪ್ರಿಲ್‌ನಲ್ಲಿ ಬಿಸಿಲು ಜೋರು, ಅದನ್ನು ಮುಚ್ಚಿಡಲ್ಲ. ಆದರೆ ಸಂಜೆ ಗಾಳಿ ತಿರುಗುತ್ತದೆ, ಮೈ ಅಂಟುವುದಿಲ್ಲ.

ಇನ್ನು ಸಂಗೀತ. ಕುಂದಗೋಳದ ಸವಾಯಿ ಗಂಧರ್ವರ ಹೆಸರಿನಲ್ಲಿ ಗದಗಿನ ಭೀಮಸೇನ ಜೋಶಿಯವರು 1953ರಲ್ಲಿ ಶುರು ಮಾಡಿದ ಉತ್ಸವ ನಡೆಯುವುದು ಇದೇ ಪುಣೆಯಲ್ಲಿ. ಡಿಸೆಂಬರ್ ಚಳಿಯಲ್ಲಿ ಶಾಲು ಹೊದ್ದು ಕೂತು ಕೇಳುವಾಗ ನನ್ನ ಅಕ್ಕಪಕ್ಕದ ಮರಾಠಿಯವರು ನಮ್ಮ ಕಡೆಯ ಹಾಡುಗಾರರನ್ನು ತಮ್ಮವರೇ ಅಂತ ಮಾತಾಡುತ್ತಾರೆ. ನಮ್ಮವರು ಎಲ್ಲಿ ಬೆಳೆದು ಎಲ್ಲಿ ನೆಲೆ ನಿಂತರು ನೋಡ್ರಿ. 2024ರ ಸೆಪ್ಟೆಂಬರ್‌ನಿಂದ ಪುಣೆ-ಹುಬ್ಬಳ್ಳಿ ವಂದೇ ಭಾರತ್ ವಾರಕ್ಕೆ ಮೂರು ದಿನ ಓಡುತ್ತಿದೆ. ಕೇಂದ್ರ ಸರ್ಕಾರ 2018ರಲ್ಲಿ ಸುಗಮ ಜೀವನದ ಪಟ್ಟಿ ಮಾಡಿದಾಗ 111 ನಗರಗಳಲ್ಲಿ ಪುಣೆಯೇ ಮೊದಲು. ಮಗನೂ ಇಲ್ಲೇ ಇದ್ದಾನೆ. ಇನ್ನೇನು ಬೇಕು?

ಮಾಟುಂಗಾ ಟೀಚರ್
ಮಂಜುನಾಥ ಅವರೇ, ಆ ಪಟ್ಟಿಯನ್ನು ದಯವಿಟ್ಟು ಬಿಡಿ. 2018ರಲ್ಲಿ ಅದೇ ಪಟ್ಟಿಯಲ್ಲಿ ನವಿ ಮುಂಬೈ 2, ಮುಂಬೈ 3, ಬೆಂಗಳೂರು 58. ಮುಂದಿನ ಪಟ್ಟಿ 2021ರ ಮಾರ್ಚ್‌ನಲ್ಲಿ ಬಂತು. ಅದರಲ್ಲಿ ದೊಡ್ಡ ನಗರಗಳ ಪೈಕಿ ಬೆಂಗಳೂರು 1, ಪುಣೆ 2, ಮುಂಬೈ 10. ಎರಡೂವರೆ ವರ್ಷದಲ್ಲಿ ಬೆಂಗಳೂರಿನ ರಸ್ತೆಗಳು ಬದಲಾದವಾ? ಬದಲಾದದ್ದು ಅಳೆಯುವ ರೀತಿ. ಎರಡನೇ ಸಲ ಜನರ ಅಭಿಪ್ರಾಯಕ್ಕೆ ನೂರಕ್ಕೆ 30 ಅಂಕ ಇಟ್ಟರು, ನಗರಗಳನ್ನು ಜನಸಂಖ್ಯೆಯ ಮೇಲೆ ಎರಡು ಗುಂಪು ಮಾಡಿದರು. ಆ ನಂಬರ್ ನೋಡಿ ಮನೆ ಬದಲಿಸುವವರು ಯಾರಿದ್ದಾರೆ?

ನಾನು ಮಾಟುಂಗಾ ಬಿಟ್ಟು ಎಲ್ಲಿಗೂ ಹೋಗಲ್ಲ. ಕನ್ನಡ ಮಾಧ್ಯಮದ ಶಾಲೆಯಲ್ಲಿ ಟೀಚರ್ ಆಗಿದ್ದೆ, ಒಬ್ಬಳೇ ಇದ್ದೇನೆ. ಬೆಳಿಗ್ಗೆ ಚಪ್ಪಲಿ ಮೆಟ್ಟಿ ಇಳಿದರೆ ಮಾರ್ಕೆಟ್. ಬಾಳೆ ಎಲೆ, ಸಾಂಬಾರ್ ಸೌತೆ, ಕೆಸುವಿನ ಎಲೆ ಎಲ್ಲ ಸಿಗುತ್ತದೆ. ಹೂವಿನವನು ಕೇಳದೆಯೇ ಮೊಳ ಮಲ್ಲಿಗೆ ಕಟ್ಟಿ ಕೊಡುತ್ತಾನೆ, ದುಡ್ಡು ನಾಳೆ ಕೊಡಿ ಅನ್ನುತ್ತಾನೆ. ಎರಡು ದಿನ ಕಾಣದಿದ್ದರೆ ಅವನೇ ವಾಚ್‌ಮನ್ ಹತ್ತಿರ ವಿಚಾರಿಸುತ್ತಾನೆ. ಇಲ್ಲಿನ ಮೈಸೂರು ಅಸೋಸಿಯೇಷನ್ ಶುರುವಾಗಿದ್ದು 1926ರಲ್ಲಿ. ಕನ್ನಡ ನಾಡು ಒಂದಾಗುವುದಕ್ಕೆ 30 ವರ್ಷ ಮೊದಲು! ಮುಂಬೈ ವಿಶ್ವವಿದ್ಯಾಲಯದಲ್ಲಿ 1978ರಿಂದ ಕನ್ನಡ ವಿಭಾಗ ಇದೆ. ಇಲ್ಲಿ ನಾನು ಪರದೇಶಿ ಅಲ್ಲ.

ಸುಮತಿ, ನಿಮ್ಮ ಪ್ರಶ್ನೆಯನ್ನು ಮತ್ತೆ ಓದಿದೆ. ಯಜಮಾನರಿಗೆ ಏನಿಷ್ಟ ಅಂತ ಇದೆ. ಮಗನಿಗೆ, ನಾದಿನಿಗೆ ಏನಿಷ್ಟ ಅಂತಲೂ ಇದೆ. ನಿಮಗೆ ಎಲ್ಲಿರಬೇಕು ಅನ್ನುವುದು ಒಂದು ಸಾಲೂ ಇಲ್ಲ. ಆ ತೋಟದ ಮನೆಯಲ್ಲಿ ಒಲೆ ಮುಂದೆ ನಿಲ್ಲುವವರು ನೀವು. ಮೊದಲು ನೀವು ಹೇಳಬೇಕು.

ಬಸವರಾಜ, ವಾಸ್ಕೋ
ಅಕ್ಕಾರ, ಎಲ್ಲರೂ ಎಲ್ಲಿ ಇಷ್ಟ ಅಂತ ಮಾತಾಡ್ತಿದ್ದೀರಿ. ನಮ್ಮಪ್ಪನಿಗೆ ಯಾರೂ ಆ ಪ್ರಶ್ನೆ ಕೇಳಲಿಲ್ಲ. ಬಾದಾಮಿ ಕಡೆಯವರು. ಮಳೆ ಹೋಯಿತು, ಹೊಟ್ಟೆಪಾಡಿಗೆ ವಾಸ್ಕೋಗೆ ಬಂದರು. ಬಂದರಿನಲ್ಲಿ ಅದಿರಿನ ಕೆಲಸ ಮಾಡಿದರು. 2012ರಲ್ಲಿ ಗೋವಾದ ಗಣಿಗಳು ನಿಂತಾಗ ಟ್ರಕ್ಕುಗಳು ಸಾಲಾಗಿ ನಿಂತವು, ನಮ್ಮ ಗಲ್ಲಿಯ ಎಷ್ಟೋ ಮನೆಗಳಲ್ಲಿ ಸಂಬಳ ನಿಂತಿತು. ನಾನು ವೈರಿಂಗ್ ಕೆಲಸ ಕಲಿತೆ.

ಅಕ್ಕಾರ, ನಿಮ್ಮ ನಾದಿನಿ ಹೇಳುವುದು ಸುಳ್ಳಲ್ಲ. ಗೋವಾ ಸಣ್ಣ ರಾಜ್ಯ, 3,702 ಚದರ ಕಿಲೋಮೀಟರ್ ಅಷ್ಟೇ. ಯಾವ ಕೆಲಸಕ್ಕೂ ಹೋಗಿ ಸಂಜೆಗೆ ಮನೆ ಸೇರಬಹುದು. ಹೊಳೆ ದಾಟಲು ಫೆರಿಯಲ್ಲಿ ನಡೆದು ಹತ್ತುವವರಿಗೆ ದುಡ್ಡಿಲ್ಲ. ಆದರೆ ಮನೆ ಬೆಲೆ ಕೇಳಿದ್ದೀರಾ? ಅಸ್ಸಗಾಂವ್ ಕಡೆ ನಾನು ವೈರಿಂಗ್ ಮಾಡಿದ ಬಂಗಲೆಗಳು ವರ್ಷದ ಬಹುಪಾಲು ಕತ್ತಲಲ್ಲಿರುತ್ತವೆ. ಒಡೆಯರು ದೊಡ್ಡ ಶಹರದವರು, ರಜೆಗೆ ಬರುತ್ತಾರೆ. ಅಲ್ಲೇ ಹುಟ್ಟಿದ ಗೋವಾದ ಹುಡುಗರಿಗೆ ಒಂದು ರೂಮು ಕೊಳ್ಳಲು ಆಗುತ್ತಿಲ್ಲ. ಶೆಟ್ಟರ ಊರಿನ ಬೀಗ, ಇಲ್ಲಿನ ಬೀಗ, ಎರಡೂ ಒಂದೇ ಅಲ್ವಾ?

ಇನ್ನೊಂದು ವಿಷಯ ಈ ಚರ್ಚೆಯಲ್ಲಿ ಯಾರೂ ಎತ್ತಲ್ಲ, ನಾನೇ ಹೇಳುತ್ತೇನೆ. ದೇಶದಲ್ಲಿ ಎಲ್ಲಿ ಬೇಕಾದರೂ ನೆಲೆಸಬಹುದು ಅಂತ ಸಂವಿಧಾನದ 19ನೇ ವಿಧಿ ಹೇಳುತ್ತದೆ. ಆದರೆ ನಮ್ಮಂಥ ಪರಿಶಿಷ್ಟ ಜಾತಿಯವರು ಹೊಟ್ಟೆಪಾಡಿಗೆ ಗಡಿ ದಾಟಿದರೆ ಮೀಸಲಾತಿ ಹಿಂದೆಯೇ ಉಳಿಯುತ್ತದೆ. 1990ರಲ್ಲಿ ಸುಪ್ರೀಂ ಕೋರ್ಟ್ ಹೀಗೇ ತೀರ್ಪು ಕೊಟ್ಟಿತು. ಆಂಧ್ರದಿಂದ ಮುಂಬೈಗೆ ಬಂದ ಪರಿಶಿಷ್ಟ ಪಂಗಡದ ಹುಡುಗನೊಬ್ಬ ಅಲ್ಲಿ ಮೆಡಿಕಲ್ ಸೀಟು ಕೇಳಿದ ಪ್ರಕರಣ ಅದು. ಪರಿಶಿಷ್ಟರ ಪಟ್ಟಿ ಆಯಾ ರಾಜ್ಯಕ್ಕೆ ಸಂಬಂಧಿಸಿದ್ದು ಅಂತ. ನಾನು ಓದುವಾಗ ನನಗೂ ಅದೇ ಉತ್ತರ ಸಿಕ್ಕಿತು. ಇಲ್ಲಿ ಸರ್ಕಾರಿ ನೌಕರಿಗೆ 15 ವರ್ಷದ ವಾಸದ ಕಾಗದ ಬೇರೆ ಬೇಕು. ನೀವು ಎಲ್ಲಿಗೆ ಹೋದರೂ ನಿಮ್ಮದೆಲ್ಲ ನಿಮ್ಮ ಜೊತೆ ಬರುತ್ತದೆ. ನಮ್ಮದು ಬರಲ್ಲ.

ನನಗೆ ಎಲ್ಲಿರಲು ಇಷ್ಟ ಅಂದರೆ, ಇಲ್ಲೇ. ವಾಸ್ಕೋದಲ್ಲೇ. ಮನೆ ಕಾಗದದಲ್ಲಿ ಅವ್ವನ ಹೆಸರು ಇರಬೇಕು ಅಷ್ಟೇ. ಜನವರಿಯಲ್ಲಿ ಬನಶಂಕರಿ ಜಾತ್ರೆಗೆ ಕರಕೊಂಡು ಹೋಗಿ ಬರುತ್ತೇನೆ, ಅವಳಿಗೆ ಅಷ್ಟು ಸಾಕು.

ಘಾಟ್ಕೋಪರ್ ಶೆಟ್ರು
ಬಸವರಾಜಣ್ಣ, ನಿಮ್ಮ ಮಾತು ನಾಟಿತು. ಮೀಸಲಾತಿಯ ವಿಷಯ ನನಗೆ ಗೊತ್ತೇ ಇರಲಿಲ್ಲ.

ದೀಕ್ಷಾ, ಮುಲುಂಡ್
ನಾನು ಹುಟ್ಟಿ ಬೆಳೆದದ್ದು ಇಲ್ಲೇ ಮುಂಬೈಯಲ್ಲಿ. ಮನೆಯಲ್ಲಿ ತುಳು, ಕೆಳಗಿಳಿದರೆ ಮರಾಠಿ, ಆಫೀಸಿನಲ್ಲಿ ಹಿಂದಿ. 12ನೇ ಕ್ಲಾಸ್ ಮುಗಿದಾಗ ಅಪ್ಪ ಕರ್ನಾಟಕದಲ್ಲಿ ಎಂಜಿನಿಯರಿಂಗ್ ಸೀಟು ನೋಡಿದರು. ಅಲ್ಲಿ 7 ವರ್ಷ ಓದಿರಬೇಕು ಅನ್ನುವುದೇ ಸಾಮಾನ್ಯ ನಿಯಮ ಅಂತ ಗೊತ್ತಾಯಿತು. ಹಾಗಾಗಿ ‘ನಿಮ್ಮ ಊರು’ ಅಂತ ಯಾರಾದರೂ ಅಂದರೆ ನನಗೆ ಯಾವುದೂ ಪೂರ್ತಿ ನನ್ನದು ಅನ್ನಿಸಲ್ಲ.

ಯಾಕೆ ಎಲ್ಲರೂ ಹುಟ್ಟಿದ್ದು, ದುಡಿದದ್ದು ಎರಡರ ನಡುವೆಯೇ ಓಡಾಡ್ತೀರಿ? ದೇಶ ಇಷ್ಟು ದೊಡ್ಡದಿದೆ. ನನ್ನ ಕೆಲಸ ಲ್ಯಾಪ್‌ಟಾಪಿನಲ್ಲಿ. ನನಗೆ ಕೊಚ್ಚಿ ಇಷ್ಟ. ಅಜ್ಜಿ ಮನೆಯದ್ದೇ ಮಳೆ, ಅದೇ ತೆಂಗು, ಅದೇ ಕುಚ್ಚಲಕ್ಕಿ. ಜೊತೆಗೆ ಮೆಟ್ರೋ ಇದೆ, 2023ರಿಂದ ವಾಟರ್ ಮೆಟ್ರೋ ಕೂಡ ಇದೆ. ದ್ವೀಪದವರು ಬೋಟ್ ಹತ್ತಿ ಆಫೀಸಿಗೆ ಹೋಗುತ್ತಾರೆ. ಭಾಷೆ ಬರಲ್ಲ ನಿಜ. ಅಜ್ಜಿ ಮುಂಬೈಗೆ ಬಂದಾಗ ಅವರಿಗೂ ಮರಾಠಿ ಬರುತ್ತಿರಲಿಲ್ಲ, ತರಕಾರಿ ಮಾರುವ ಭಾಜಿವಾಲಿ ಹತ್ತಿರ ಕಲಿತರು.

ಸುಮತಿ ಆಂಟಿ, ಹಿಂಜವಡಿ ಬಗ್ಗೆ ಒಂದು ಮಾತು. ನಾನು ಅಲ್ಲಿ ಕೆಲಸ ಮಾಡಿದ್ದೇನೆ. ಮಂಜುನಾಥ ಅಂಕಲ್ ಹೇಳುವ ಪುಣೆ ಕೋಥ್ರೂಡ್‌ನದು. ಹಿಂಜವಡಿಯ ದೊಡ್ಡ ಕಾಂಪ್ಲೆಕ್ಸ್‌ನಲ್ಲಿ ಮಗ-ಸೊಸೆ ಇಬ್ಬರೂ ಹೋದ ಮೇಲೆ ಇಡೀ ದಿನ ನೀವಿಬ್ಬರೇ. ಗೇಟಿನಾಚೆ ಟ್ರಾಫಿಕ್. ಬೇಸಿಗೆಯಲ್ಲಿ ನೀರಿನ ಟ್ಯಾಂಕರ್.

ಮಂಜುನಾಥ, ಕೋಥ್ರೂಡ್
ಹಿಂಜವಡಿ ವಿಷಯದಲ್ಲಿ ದೀಕ್ಷಾ ಹೇಳಿದ್ದು ಸರಿ. ಮಗನ ಹತ್ತಿರ ಇರಬೇಕು ಅಂದರೆ ಬೇರೆ ಮನೆ, ಹಳೇ ಬಡಾವಣೆಯಲ್ಲಿ ಹಿಡಿಯಿರಿ. ಪುಣೆಯನ್ನು ಮಾತ್ರ ಬಿಟ್ಟುಕೊಡಲ್ಲ.

ಪ್ರಭಾಕರ, ಮೊದಲು ಥಾಣೆ, ಈಗ ಕಾರ್ಕಳ
ನಾನು ಹೋದವನು, ಇಲ್ಲೇ ಇದ್ದೇನೆ, ಖುಷಿಯಾಗಿದ್ದೇನೆ. ಆದ್ದರಿಂದ ಇದ್ದದ್ದನ್ನು ಹೇಳುತ್ತೇನೆ.

ಬೀಗ ಹಾಕಿದ ಮನೆ ಅಂದರೆ ನಿಂತ ಮನೆ ಅಲ್ಲ, ದಿನಾ ಇಳಿಯುತ್ತಿರುವ ಮನೆ. ನಾವು ಬಾಗಿಲು ತೆಗೆದಾಗ ಒಳಗಿನ ದಾರಂದದ (ಬಾಗಿಲ ಚೌಕಟ್ಟಿನ) ತುಂಬ ಗೆದ್ದಲಿನ ಮಣ್ಣು. ಕೈಯಿಂದ ಒತ್ತಿದರೆ ಮರ ಒಳಗೆ ಟೊಳ್ಳು. ಮಾಡಿನ ನಾಲ್ಕು ಹಂಚು ಜಾರಿತ್ತು, ಅದೇ ಜಾಗದಲ್ಲಿ ಹಂಚಿನಡಿಯ ಮರದ ಪಕ್ಕಾಸು ಕರಗಿ ಹೋಗಿತ್ತು. ಬಾವಿಯಲ್ಲಿ ನೀರು ಇತ್ತು, ಪಂಪು ಕಚ್ಚಿಕೊಂಡಿತ್ತು. ಹಂಚು ಕೂರಿಸುವ ಕೆಲಸದವರನ್ನು ಹುಡುಕುವುದೇ ದೊಡ್ಡ ಕೆಲಸ. ತೆಂಗಿನಕಾಯಿ ಹಿತ್ತಿಲಲ್ಲಿ ಉಂಟು, ಶೆಟ್ರೇ, ಕೊಯ್ಯುವವ ಬರಬೇಕಲ್ಲ? ಬಿದ್ದದ್ದನ್ನು ಹೆಕ್ಕುತ್ತೇವೆ. ಸುಮತಿಯವರೇ, ಮನೆ ರಿಪೇರಿಯ ಲೆಕ್ಕವನ್ನು ಈಗಲೇ ಹಾಕಿಸಿ, ಮಾರ್ಚ್ ಆದ ಮೇಲೆ ಅಲ್ಲ. ಇಲ್ಲದಿದ್ದರೆ ಪಿಎಫ್ ದುಡ್ಡು ಎಲ್ಲಿ ಹೋಯಿತು ಅಂತ ಗೊತ್ತಾಗುವುದಿಲ್ಲ.

ಬಸ್ಸಿನ ವಿಷಯ. ಕರ್ನಾಟಕದಲ್ಲಿ 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ. ಆದರೆ ನಿಮ್ಮ ಆಧಾರ್ ವಿಳಾಸ ಮಹಾರಾಷ್ಟ್ರದ್ದು, ಮೊದಲು ಅದು ಬದಲಾಗಬೇಕು. ಬದಲಾದರೂ ನಮ್ಮ ಕಡೆ ಓಡುವುದು ಜಾಸ್ತಿ ಖಾಸಗಿ ಬಸ್ಸುಗಳೇ, ಅಲ್ಲಿ ಟಿಕೆಟ್ ಇದ್ದೇ ಇದೆ. ಆಸ್ಪತ್ರೆಗೆ ಭಯ ಬೇಡ, ಮಣಿಪಾಲ ಉಂಟು. ಅಲ್ಲಿನ ಮೆಡಿಕಲ್ ಕಾಲೇಜು 1953ರದ್ದು. ಆದರೆ ಮಳೆಗಾಲದ ರಾತ್ರಿ ಎದೆ ನೋವು ಬಂದರೆ ತೋಟದ ಮನೆಯಿಂದ ಡಾಂಬರು ರಸ್ತೆಯವರೆಗೆ ಯಾರು ಕರೆದುಕೊಂಡು ಬರುತ್ತಾರೆ? 108ಕ್ಕೆ ಫೋನ್ ಮಾಡಲು ಮೊಬೈಲಿಗೆ ಸಿಗ್ನಲ್ ಇದೆಯಾ? ಅಷ್ಟು ನೋಡಿಕೊಳ್ಳಿ. ನಮಗೆ ಪಕ್ಕದ ಮನೆಯವರು ಇದ್ದಾರೆ, ಅದಕ್ಕೇ ನಾವು ಇದ್ದೇವೆ.

ಸುಮತಿ, ಡೊಂಬಿವಲಿ
ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಟೀಚರ್ ಪ್ರಶ್ನೆ ಓದಿ ಇಡೀ ದಿನ ಯೋಚನೆ ಮಾಡಿದೆ. ಯಜಮಾನರಿಗೂ ಓದಿ ಹೇಳಿದೆ. ಅವರು ಪೇಪರ್ ಮಡಚಿಟ್ಟು, ‘ಹೌದು, ನಿನ್ನನ್ನು ಕೇಳಲೇ ಇಲ್ಲ’ ಅಂದರು.

ನನಗೆ ತೋಟದ ಮನೆ ಬೇಡ. ಅತ್ತೆ ಇದ್ದಾಗ ಮಳೆಗಾಲ ಪೂರ್ತಿ ಅಲ್ಲಿದ್ದೆ. ಗಂಡಸರು ಪೇಟೆಗೆ ಹೋದ ಮೇಲೆ ಮಾತಾಡಲು ಒಂದು ಜೀವ ಇರಲಿಲ್ಲ. ಡೊಂಬಿವಲಿಯಲ್ಲಿ ನನಗೆ ಶುಕ್ರವಾರದ ಭಜನೆ ಇದೆ, ಲೇಡೀಸ್ ಡಬ್ಬಿಯ ಗೆಳತಿಯರಿದ್ದಾರೆ. ನಾನೂ ಮಸೀದ್ ಬಂದರ್‌ನ ಆಫೀಸಿಗೆ ಲೆಕ್ಕ ಬರೆಯಲು ಹೋಗಿ ಬಂದವಳು. ಆದರೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಮಂಡಿ ಈಗಲೇ ಹೇಳುತ್ತಿದೆ. ನನ್ನ ಮನಸ್ಸಲ್ಲಿರುವುದು ಉಡುಪಿ ಪೇಟೆ. ರಥಬೀದಿಗೆ ನಡೆದು ಹೋಗುವಷ್ಟು ಹತ್ತಿರ ಸಣ್ಣ ಫ್ಲ್ಯಾಟ್, ಲಿಫ್ಟ್ ಇರಬೇಕು. ಅವರು ತೋಟಕ್ಕೆ ಬೆಳಿಗ್ಗೆ ಹೋಗಿ ಸಂಜೆ ಬರಲಿ, ಬಸ್ಸು ಇದೆ.

ಘಾಟ್ಕೋಪರ್ ಶೆಟ್ರು
ಊರಿಗೆ ಹೋಗಿ ಫ್ಲ್ಯಾಟಿನಲ್ಲಿ ಇರುವುದಾ? ಮತ್ತೆ ಆ ಹಳೇ ಮನೆ ಏನಾಗಬೇಕು ಅಕ್ಕ? ನನಗೆ ಒಪ್ಪಿಗೆ ಇಲ್ಲ.

ಮಾಟುಂಗಾ ಟೀಚರ್
ಶೆಟ್ರೇ, ಅವರ ಮಂಡಿ ಒಪ್ಪಬೇಕಾದದ್ದು. ಆದರೆ ಸುಮತಿ, ನನ್ನದೊಂದು ಮಾತು ಕೇಳಿ. ಡೊಂಬಿವಲಿ ಮನೆಯನ್ನು ಈಗ ಮಾರಬೇಡಿ. ಲಿಫ್ಟ್ ಇಲ್ಲದ ಬಿಲ್ಡಿಂಗ್ ಅಂದಿರಿ, ಇವತ್ತಲ್ಲ ನಾಳೆ ರಿಡೆವಲಪ್‌ಮೆಂಟ್ ಮಾತು ಬಂದರೆ ಲಿಫ್ಟ್ ಅಲ್ಲಿಯೇ ಬರುತ್ತದೆ. ಉಡುಪಿಯಲ್ಲಿ ಬಾಡಿಗೆಗೆ ಇದ್ದು ನೋಡಿ.

ಪ್ರಭಾಕರ, ಮೊದಲು ಥಾಣೆ, ಈಗ ಕಾರ್ಕಳ
ಟೀಚರ್ ಮಾತಿಗೆ ನಾನೂ ಸೈ. ಒಂದೇ ಷರತ್ತು, ಮೇ ತಿಂಗಳಲ್ಲಿ ಹೋಗಿ ನಿರ್ಧಾರ ಮಾಡಬೇಡಿ. ಮೇಯಲ್ಲಿ ಮಾವು, ಹಲಸು, ಮದುವೆ, ಮುಂಬೈಯಿಂದ ಬಂದ ನೆಂಟರು, ಊರು ತುಂಬಿ ತುಳುಕುತ್ತದೆ. ಜೂನ್ ಅರ್ಧದಲ್ಲಿ ಹೋಗಿ ಆಗಸ್ಟ್‌ವರೆಗೆ ಇರಿ. ಬಟ್ಟೆ ಒಣಗದ, ಕರೆಂಟ್ ಹೋಗುವ, ಯಾರೂ ಬಾರದ ದಿನಗಳನ್ನು ನೋಡಿ. ಆಗಲೂ ಇಷ್ಟವಾದರೆ ಅಡ್ವಾನ್ಸ್ ಕೊಡಿ. ರೈಲು ಬುಕ್ಕಿಂಗ್ ಈಗ 60 ದಿನ ಮೊದಲು ಮಾತ್ರ ತೆರೆಯುತ್ತದೆ. ಜೂನ್ 15ಕ್ಕೆ ಹೊರಡುವುದಾದರೆ ಏಪ್ರಿಲ್ 16ರ ಬೆಳಿಗ್ಗೆಯೇ ಮತ್ಸ್ಯಗಂಧಕ್ಕೆ ಕೂರಿ, ಇಬ್ಬರಿಗೂ ಲೋವರ್ ಬರ್ತ್ ಕೇಳಿ. ಮಳೆಗಾಲದಲ್ಲಿ ಕೊಂಕಣ ರೈಲಿನ ವೇಳಾಪಟ್ಟಿ ಬೇರೆ ಇರುತ್ತದೆ, ಹೊರಡುವ ಮೊದಲು ಟೈಮ್ ಇನ್ನೊಮ್ಮೆ ನೋಡಿಕೊಳ್ಳಿ.