ಹಳೇ ಔಟ್‌ಬೋರ್ಡ್: ಕಾರ್ಬ್ಯುರೇಟರ್ ತೊಳೆದರೂ ರಿಚ್ (ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ) ಓಡ್ತಿದೆ, ಜೆಟ್ ಬದಲಿಸಲೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನದು ದೋಣಿಯ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಇಂಜಿನ್, 15 ಎಚ್‌ಪಿ ಟೂ-ಸ್ಟ್ರೋಕ್, ಎರಡು ಸಿಲಿಂಡರ್, ಎರಡಕ್ಕೂ ಸೇರಿ ಒಂದೇ ಕಾರ್ಬ್ಯುರೇಟರ್. ಪ್ರೈಮರ್ ಬಲ್ಬ್ (ಪೆಟ್ರೋಲ್ ಪೈಪಿನಲ್ಲಿರೋ ಕೈಪಂಪು) ಒತ್ತಿ ಹಗ್ಗ ಎಳೆದರೆ ತಣ್ಣಗಿರುವಾಗಲೂ ಚೋಕ್ (ಗಾಳಿ ತಡೆದು ಮಿಶ್ರಣ ರಿಚ್ ಮಾಡೋದು) ಇಲ್ಲದೆ ಸ್ಟಾರ್ಟ್ ಆಗುತ್ತೆ. ಮೊದಲು ಅನುಮಾನ ಬಂದಿದ್ದೇ ಅಲ್ಲಿ. ಬಿಸಿಯಾದ ಮೇಲೆ ಐಡ್ಲಿಂಗ್‌ಗೆ ಬಿಟ್ಟರೆ ಗೊರಗೊರ ಅಂದು ನಿಂತುಬಿಡುತ್ತೆ. ಥ್ರಾಟಲ್ ಕೊಟ್ಟರೆ ತಡವರಿಸಿ, ಆಮೇಲೆ ಎದ್ದು ಚೆನ್ನಾಗಿಯೇ ಓಡುತ್ತೆ. ಹೊಗೆ ವಿಪರೀತ, ಹಿಂದೆ ನೀರಿನ ಮೇಲೆಲ್ಲ ಎಣ್ಣೆಯ ಪದರ.

ಕಾರ್ಬ್ಯುರೇಟರ್ ಪೂರ್ತಿ ಬಿಚ್ಚಿ ತೊಳೆದಿದ್ದೇನೆ. ಒಳಗೆ ಪೆಟ್ರೋಲ್ ಮಟ್ಟ ಕಾಯೋ ಫ್ಲೋಟ್, ನೀಡಲ್, ಸೀಟ್ ಮೂರೂ ಹೊಸದು. ತಲೆಕೆಳಗಾಗಿ ಹಿಡಿದರೆ ಫ್ಲೋಟ್ ಅಂಚಿಗೆ ಸಮಾಂತರವಾಗಿ ನಿಲ್ಲುತ್ತೆ. ಚೋಕ್ ಪೂರ್ತಿ ತೆರೆಯುತ್ತೆ. ಪೆಟ್ರೋಲ್-ಆಯಿಲ್ 50:1, ಈ ಇಂಜಿನ್‌ಗೆ ಹೇಳಿರೋದೇ ಅಷ್ಟು. ಕಂಪ್ರೆಶನ್ ಎರಡರಲ್ಲೂ ಸಮ ಇದೆ, ಹಾಗಾಗಿ ಇದನ್ನ ಕೈಬಿಡೋಕೆ ನನಗೆ ಮನಸ್ಸಿಲ್ಲ. ಒಂದು ಸೈಜ್ ಚಿಕ್ಕ ಜೆಟ್ (ಪೆಟ್ರೋಲ್ ಅಳೆದು ಬಿಡೋ ತೂತಿನ ಬಿಡಿಭಾಗ) ಹಾಕಿ ನೋಡಲೇ?

ಉತ್ತರ 1

ಜೆಟ್‌ಗಿಂತ ಮೊದಲು ಐಡ್ಲಿಂಗ್ ಮಿಶ್ರಣ ಹೊಂದಿಸೋ ಲೋ-ಸ್ಪೀಡ್ ಸ್ಕ್ರೂ ನೋಡಿ ಸರ್. ಮೆಲ್ಲಗೆ ತಾಗುವವರೆಗೆ ಒಳಗೆ ತಿರುಗಿಸಿ, ಅಲ್ಲಿಂದ ಸುಮಾರು ಒಂದೂವರೆ ಸುತ್ತು ಹೊರಗೆ. ಬಲ ಹಾಕಬೇಡಿ, ತುದಿಯಲ್ಲಿ ಗೆರೆ ಬಿದ್ದರೆ ಮತ್ತೆ ಅದು ಟ್ಯೂನ್ ಆಗಲ್ಲ. ಆ ಸ್ಕ್ರೂ ಪೆಟ್ರೋಲ್ ತಡೆಯುವಂಥದ್ದಾದರೆ ಬಿಗಿ ಮಾಡಿದಷ್ಟೂ ಲೀನ್ (ಪೆಟ್ರೋಲ್ ಕಡಿಮೆ). ಗಾಳಿ ತಡೆಯುವಂಥದ್ದಾದರೆ ಬಿಗಿ ಮಾಡಿದಷ್ಟೂ ರಿಚ್. ನಿಮ್ಮದು ಯಾವುದು ಅಂತ ಮೊದಲು ಖಚಿತ ಮಾಡಿಕೊಳ್ಳಿ. ಸೆಟ್ ಮಾಡುವಾಗ ಇಂಜಿನ್ ಬಿಸಿಯಾಗಿರಬೇಕು, ದೋಣಿ ನೀರಲ್ಲಿ, ಗೇರಿನಲ್ಲಿ ಇರಬೇಕು.

ಉತ್ತರ 2

ಜೆಟ್ ಮುಟ್ಟಲೇಬೇಡಿ ಅಂತ ಕೈಮುಗಿದು ಕೇಳ್ತೀನಿ. ಟೂ-ಸ್ಟ್ರೋಕ್‌ನಲ್ಲಿ ಆಯಿಲ್ ಬರೋದೇ ಪೆಟ್ರೋಲ್ ಜೊತೆ. ಲೀನ್ ಆದರೆ ಶಾಖವೂ ಏರುತ್ತೆ, ಆಯಿಲೂ ಕಡಿಮೆಯಾಗುತ್ತೆ, ಪಿಸ್ಟನ್ ಹಿಡಿದುಕೊಳ್ಳುತ್ತೆ. ರಿಚ್ ಇಂಜಿನ್ ಪ್ಲಗ್ ಕೆಡಿಸುತ್ತೆ ಅಷ್ಟೇ, ಲೀನ್ ಇಂಜಿನ್ ತನ್ನನ್ನೇ ಕೆಡಿಸಿಕೊಳ್ಳುತ್ತೆ.

ನೀವು ಪ್ಲಗ್ ಬಗ್ಗೆ ಒಂದು ಮಾತೂ ಬರೆದಿಲ್ಲ. ಐಡ್ಲಿಂಗ್‌ನಲ್ಲಿ ಸ್ವಲ್ಪ ಹೊತ್ತು ಬಿಟ್ಟು, ನಿಲ್ಲಿಸಿ, ಎರಡೂ ಪ್ಲಗ್ ಬಿಚ್ಚಿ. ಮೇಲಿನದು ಯಾವುದು, ಕೆಳಗಿನದು ಯಾವುದು ಅಂತ ಗುರುತಿಟ್ಟುಕೊಂಡು ನೋಡಿ.

ಪ್ರಶ್ನೆ ಕೇಳಿದವರು

ಈಗಷ್ಟೇ ನೋಡಿದೆ. ಮೇಲಿನದು ಕಪ್ಪು, ಪೆಟ್ರೋಲ್ ತೊಟ್ಟಿಕ್ಕುವಷ್ಟು ಒದ್ದೆ. ಕೆಳಗಿನದು ಒಣ, ತಿಳಿ ಕಂದು.

ಉತ್ತರ 2

ಹಾಗಾದರೆ ಕಾರ್ಬ್ಯುರೇಟರ್ ಮೇಲಿನ ಅನುಮಾನ ಬಹುಮಟ್ಟಿಗೆ ಬಿಡಿ. ಒಂದೇ ಕಾರ್ಬ್ಯುರೇಟರ್ ಎರಡಕ್ಕೂ ಕೊಡುವಾಗ ಫ್ಲೋಟ್, ಜೆಟ್, ಚೋಕ್ ಯಾವುದು ಕೆಟ್ಟಿದ್ದರೂ ಎರಡೂ ಪ್ಲಗ್ ಒದ್ದೆಯಾಗಬೇಕಿತ್ತು. ಈಗ ಚಿಕ್ಕ ಜೆಟ್ ಹಾಕಿದರೆ ಸರಿಯಾಗಿ ಉರಿಯುತ್ತಿರುವ ಕೆಳಗಿನ ಸಿಲಿಂಡರೇ ಲೀನ್ ಆಗಿ ಹೋಗುತ್ತೆ.

ಉಳಿಯೋದು ಎರಡು. ಒಂದು, ಮೇಲೆ ಸ್ಪಾರ್ಕ್ ದುರ್ಬಲ. ಉರಿಯದ ಪೆಟ್ರೋಲ್ ಪ್ಲಗ್ ಒದ್ದೆ ಮಾಡುತ್ತೆ, ನೋಡೋಕೆ ರಿಚ್ ಥರಾನೇ ಕಾಣುತ್ತೆ. ಸ್ಪಾರ್ಕ್ ಟೆಸ್ಟರ್ ಹಾಕಿ ನೋಡಿ.

ಇನ್ನೊಂದು ಫ್ಯೂಯಲ್ ಪಂಪ್. ನನ್ನ ಮನಸ್ಸು ಹೋಗೋದು ಇದರ ಕಡೆಗೇ. ಈ ಬಗೆಯ ಇಂಜಿನ್‌ಗಳಲ್ಲಿ ಪಂಪ್ ನಡೆಸೋದು ಒಂದು ಸಿಲಿಂಡರಿನ ಕ್ರ್ಯಾಂಕ್‌ಕೇಸ್ (ಕ್ರ್ಯಾಂಕ್ ತಿರುಗುವ ಕೋಣೆ) ಒತ್ತಡ. ಪಿಸ್ಟನ್ ಹಿಂದೆ ಮುಂದೆ ಆಡುವಾಗ ಆ ಒತ್ತಡ ಏರಿಳಿದು, ಸಣ್ಣ ತೂತಿನ ಮೂಲಕ ಪಂಪ್ ಒಳಗಿನ ತೆಳು ಪೊರೆ, ಅಂದರೆ ಡಯಾಫ್ರಾಮ್, ಅಲ್ಲಾಡಿಸುತ್ತೆ. ಡಯಾಫ್ರಾಮ್‌ನಲ್ಲಿ ಸೂಜಿಮೊನೆಯಷ್ಟು ಬಿರುಕು ಬಿದ್ದರೂ ಸಾಕು, ಪೆಟ್ರೋಲ್ ಅದೇ ತೂತಿನಿಂದ ನೇರ ಆ ಸಿಲಿಂಡರಿನ ಕ್ರ್ಯಾಂಕ್‌ಕೇಸ್‌ಗೆ ಇಳಿಯುತ್ತೆ, ಕಾರ್ಬ್ಯುರೇಟರ್ ದಾರಿಯೇ ಹಿಡಿಯಲ್ಲ. ಬಲ್ಬ್ ಒತ್ತಿದಾಗಲೂ ಅಲ್ಲಿಗೇ ಹೋಗುತ್ತೆ. ನಿಮಗೆ ಚೋಕ್ ಬೇಡವಾಗಿರೋದು ಬಹುಶಃ ಅದಕ್ಕೇ. ಪೂರ್ತಿ ಥ್ರಾಟಲ್‌ನಲ್ಲಿ ಇಂಜಿನ್ ಬಯಸೋ ಪೆಟ್ರೋಲ್ ಎಷ್ಟೋ ಪಾಲು ಜಾಸ್ತಿ, ಈ ಸೋರಿಕೆ ಅದರಲ್ಲಿ ಗೊತ್ತೇ ಆಗಲ್ಲ. ಐಡ್ಲಿಂಗ್‌ನಲ್ಲಿ ಅದೇ ಸೋರಿಕೆ ಇಂಜಿನ್ ನಿಲ್ಲಿಸುತ್ತೆ.

ಪರೀಕ್ಷೆ ಸುಲಭ. ಇಂಜಿನ್ ತಣ್ಣಗಾಗಲಿ, ಹತ್ತಿರ ಬೆಂಕಿ ಇರಬಾರದು, ಪ್ಲಗ್ ವೈರ್ ತೆಗೆದಿಡಿ. ಪೆಟ್ರೋಲ್ ಪೈಪ್‌ಗಳು ಹಾಗೇ ಇರಲಿ, ಪಂಪ್‌ನ ಬೋಲ್ಟ್ ಮಾತ್ರ ಬಿಚ್ಚಿ ಇಂಜಿನ್‌ನಿಂದ ಆಚೆ ತನ್ನಿ. ಕೆಳಗೆ ಬಟ್ಟೆ ಹಿಡಿದು ಬಲ್ಬ್ ಒತ್ತಿ. ಒತ್ತಡದ ತೂತಿನಿಂದ ಪೆಟ್ರೋಲ್ ಬಂದರೆ ಡಯಾಫ್ರಾಮ್ ಹೋಗಿದೆ.

ಉತ್ತರ 3

ಅಣ್ಣ ಹೇಳಿದ್ದು ಸರಿ. ಜೊತೆಗೆ ಥರ್ಮೋಸ್ಟಾಟ್ (ತಂಪು ಮಾಡೋ ನೀರನ್ನ ನಿಯಂತ್ರಿಸೋ ಕವಾಟ) ಇದ್ದರೆ ಅದನ್ನೂ ನೋಡಿಬಿಡಿ. ತೆರೆದೇ ಸಿಕ್ಕಿಹಾಕಿಕೊಂಡಿದ್ದರೆ ಇಂಜಿನ್ ಸರಿಯಾಗಿ ಬಿಸಿಯಾಗಲ್ಲ, ಪ್ಲಗ್‌ಗೆ ಮಸಿ ಹಿಡಿಯುತ್ತೆ. ಪಂಪ್ ಕಿಟ್ ಹಾಕುವಾಗ ಗ್ಯಾಸ್ಕೆಟ್ ಮೊದಲೋ ಡಯಾಫ್ರಾಮ್ ಮೊದಲೋ ಅನ್ನೋದು ಅದಲುಬದಲಾಗದಂತೆ, ಬಿಚ್ಚುವಾಗಲೇ ಫೋಟೋ ತೆಗೆದಿಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು

ಸ್ಪಾರ್ಕ್ ಎರಡರಲ್ಲೂ ಗಟ್ಟಿ ಇದೆ. ಪಂಪ್ ಬಿಚ್ಚಿ ಬಲ್ಬ್ ಒತ್ತಿದ ಕೂಡಲೇ ತೂತಿನಿಂದ ಪೆಟ್ರೋಲ್ ಚಿಮ್ಮಿತು! ಡಯಾಫ್ರಾಮ್ ಬೆಳಕಿಗೆ ಹಿಡಿದರೆ ಅಂಚಿನ ಹತ್ತಿರ ಕೂದಲೆಳೆಯಷ್ಟು ಬಿರುಕು, ಬರಿಗಣ್ಣಿಗೆ ಸುಮ್ಮನೆ ನೋಡಿದರೆ ಕಾಣಲ್ಲ. ಕಿಟ್ ಹಾಕಿದೆ. ಈಗ ತಣ್ಣಗಿದ್ದಾಗ ಚೋಕ್ ಕೇಳುತ್ತೆ, ಬಲ್ಬ್ ಒತ್ತಿದರೆ ಗಟ್ಟಿಯಾಗಿ ನಿಲ್ಲುತ್ತೆ.

ಲೋ-ಸ್ಪೀಡ್ ಸ್ಕ್ರೂ ಪೆಟ್ರೋಲ್‌ನದೇ. ಹಿಂದೆ ಇಟ್ಟುಕೊಂಡಿದ್ದವರು ಯಾರೋ ಈ ಸೋರಿಕೆ ಮುಚ್ಚೋಕೆ ಅದನ್ನ ಮುಕ್ಕಾಲು ಸುತ್ತಿಗೆ ಬಿಗಿ ಮಾಡಿಟ್ಟಿದ್ದಾರೆ. ಒಂದೂವರೆಗೆ ತಂದ ಮೇಲೆ ಆ ತಡವರಿಕೆಯೂ ಹೋಯ್ತು. ಜೆಟ್ ಮೊದಲಿದ್ದದ್ದೇ ಇದೆ. ತುಂಬಾ ಧನ್ಯವಾದ ಅಣ್ಣ.